ಶಾಲೆಯ ಸುರಕ್ಷತೆಗೆ ಸರ್ಕಾರದ ಅನುದಾನ ಇದೆಯೇ, ಅರ್ಜಿ ಯಾರಿಗೆ ಹಾಕಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಅರವತ್ತು ಚಿಲ್ಲರೆ ಮಕ್ಕಳು, ನೀವು ಹೊಸದಾಗಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರಾಗಿದ್ದೀರಿ. ರಸ್ತೆ ಕಡೆಯ ಕಾಂಪೌಂಡ್ ಕಳೆದ ಮಳೆಗೆ ಮಲಗಿದೆ, ಶಾಲೆಯ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಜರಿಯುತ್ತಿದೆ, ಪಕ್ಕದ ತೋಟದಿಂದ ಆನೆ ಬರುತ್ತದೆ, ಪೋಷಕರು ಸಿಸಿಟಿವಿ ಹಾಕಿಸಿ ಅನ್ನುತ್ತಿದ್ದಾರೆ. ಶಾಲಾ ಸುರಕ್ಷತೆಗೆ ಅಂತಲೇ ಸರ್ಕಾರದ ಅನುದಾನ ಇದೆಯಂತೆ, ಅದನ್ನು ಪಡೆಯುವುದು ಹೇಗೆ ಎಂದು ಕೇಳಿದ್ದೀರಿ.

ಇದೆ. ಮೊತ್ತ ಕೇಳಿದರೆ ಮಾತ್ರ ನಗು ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ‘ಸುರಕ್ಷತೆ ಮತ್ತು ಭದ್ರತೆ’ ಎಂಬ ಹೆಸರಿನಲ್ಲೇ ಒಂದು ಬಾಬ್ತು ಇದೆ, ಶಾಲೆಯೊಂದಕ್ಕೆ 2,000 ರೂಪಾಯಿವರೆಗೆ. ಶಿಕ್ಷಕರಿಗೆ ಒಂದು ತಿಳಿವಳಿಕೆ ಸಭೆ, ಮಕ್ಕಳ ಸಹಾಯವಾಣಿ 1098 ಬರೆದ ಫಲಕ, ಬೀಗ ಹಾಕುವ ದೂರು ಪೆಟ್ಟಿಗೆ, ಇಷ್ಟಕ್ಕೆ ಅದು ಸರಿ. ಗೋಡೆಯ ಮಾತು ಬಿಡಿ, ಗೋಡೆಯ ಪಾಯ ತೋಡುವವರ ಕಾಫಿ ಖರ್ಚಿಗೂ ಸಾಲದು.

ಇದೇ ಜಿಲ್ಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಅನುಭವದಿಂದ ಹೇಳುವುದಾದರೆ, ‘ಶಾಲೆಗೆ ಭದ್ರತೆ ಒದಗಿಸಿ’ ಎಂಬ ಒಂದೇ ಅರ್ಜಿ ಹಿಡಿದು ಓಡಾಡಿದರೆ ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಾ ಇರುತ್ತದೆ, ಅಷ್ಟೇ. ಗೋಡೆಯನ್ನು ಗೋಡೆ ಅಂತಲೇ, ಬರೆಯನ್ನು ಬರೆ ಅಂತಲೇ, ಆನೆಯನ್ನು ಆನೆ ಅಂತಲೇ ಬೇರೆ ಬೇರೆ ಬಾಗಿಲಲ್ಲಿ ಕೇಳಬೇಕು. ಹಣ ಇರುವುದು ಆ ಹೆಸರುಗಳಲ್ಲಿ.

ಮೊದಲು ಕೈಯಲ್ಲಿರುವುದನ್ನು ನೋಡೋಣ. ಸಮಗ್ರ ಶಿಕ್ಷಣದ ಶಾಲಾ ಸಂಯೋಜಿತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ. 30 ಮಕ್ಕಳವರೆಗೆ 10,000, ಅಲ್ಲಿಂದ 100ರವರೆಗೆ 25,000, 250ರವರೆಗೆ 50,000. ನಿಮ್ಮದು 25,000ದ ಶಾಲೆ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. ಸೀಮೆಸುಣ್ಣ, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ. ಆದರೂ ಅಗ್ನಿಶಾಮಕ ಸಿಲಿಂಡರ್ ತುಂಬಿಸುವುದು, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಕಿತ್ತುಹೋದ ಸ್ವಿಚ್ ಬೋರ್ಡು, ಒಡೆದ ಹೆಂಚು, ಇವಕ್ಕೆ ಇದೇ ಹಣ ಬಳಸಬೇಕು, ಬಳಸಬಹುದು. ಈಗ ಈ ಹಣ ಮೊದಲಿನ ಹಾಗೆ ಶಾಲೆಯ ಖಾತೆಗೆ ಬಂದು ಕೂರುವುದಿಲ್ಲ, ಖರ್ಚಿನ ಮಿತಿ ಮಾತ್ರ ತೋರಿಸುತ್ತದೆ. ಮಾರ್ಚ್ ಕೊನೆಯೊಳಗೆ ಬಿಲ್ ಆಗದಿದ್ದರೆ ಕೈತಪ್ಪುತ್ತದೆ. ಜನವರಿಯಲ್ಲೇ ಮುಖ್ಯ ಶಿಕ್ಷಕರ ಜೊತೆ ಕೂತು ಎಷ್ಟು ಉಳಿದಿದೆ ಅಂತ ನೋಡಿಬಿಡಿ. ಆರನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ತರಬೇತಿಗೆ ತಿಂಗಳಿಗೆ 5,000ದಂತೆ ಮೂರು ತಿಂಗಳಿಗೆ ಬೇರೆ ಹಣ ಇದೆ. ನಿಮ್ಮ ಶಾಲೆಗೆ ಬಂದಿದೆಯಾ ಅಂತ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯವರನ್ನು (ಸಿಆರ್‌ಪಿ) ಕೇಳಿ.

ಇನ್ನು ದೊಡ್ಡ ಕೆಲಸಗಳು. ಯಾವ ಕಚೇರಿಗೂ ಹೋಗುವ ಮೊದಲು ಶಾಲೆಯ ಕಂಪ್ಯೂಟರ್ ಮುಂದೆ ಕೂರಿ. ಶಾಲೆಯ ವಿವರಗಳನ್ನು ಪ್ರತಿ ವರ್ಷ ಆನ್‌ಲೈನ್‌ನಲ್ಲಿ ತುಂಬುವ ಯುಡೈಸ್ ಮಾಹಿತಿಯಲ್ಲಿ ಆವರಣ ಗೋಡೆ ಎಂಬ ಕಾಲಂ ಇದೆ. ಪಕ್ಕಾ ಗೋಡೆ, ಪಕ್ಕಾ ಆದರೆ ಒಡೆದಿದೆ, ಮುಳ್ಳುತಂತಿ ಬೇಲಿ, ಗಿಡದ ಬೇಲಿ, ಗೋಡೆಯೇ ಇಲ್ಲ, ಹೀಗೆ ಆಯ್ಕೆಗಳು. ಕೊಠಡಿಗಳಿಗೂ ಹಾಗೆಯೇ: ಚೆನ್ನಾಗಿದೆ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ. ಹಿಂದಿನ ವರ್ಷದ್ದನ್ನೇ ಹಾಗೇ ಒಪ್ಪಿಸಿಬಿಡುವುದು ಎಲ್ಲ ಕಡೆ ನಡೆಯುತ್ತದೆ. ಗೋಡೆ ನೆಲಕ್ಕೆ ಬಿದ್ದು ಪಾಚಿ ಕಟ್ಟಿದ್ದರೂ ದಾಖಲೆಯಲ್ಲಿ ಅದು ಪಕ್ಕಾ ನಿಂತಿರುತ್ತದೆ. ಜಿಲ್ಲೆಯ ವಾರ್ಷಿಕ ಯೋಜನೆ ಮಾಡುವವರು ನಿಮ್ಮ ಗೋಡೆ ನೋಡಲು ಬರುವುದಿಲ್ಲ, ಆ ಕಾಲಂ ನೋಡುತ್ತಾರೆ.

ಎರಡನೆಯದು ಜಾಗದ ಕಾಗದ. ಕೊಡಗಿನಲ್ಲಿ ಇದೇ ದೊಡ್ಡ ಗಂಟು. ನಮ್ಮ ಎಷ್ಟೋ ಶಾಲೆಗಳು ಯಾರೋ ಪುಣ್ಯಾತ್ಮರು ಬಾಯಿಮಾತಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ನಿಂತಿವೆ. ಪಹಣಿ ತೆಗೆಸಿದರೆ ಕೆಲವು ಕಡೆ ಪೈಸಾರಿ, ಅಂದರೆ ಸರ್ಕಾರಿ ಜಾಗ ಅಂತ ಬರುತ್ತದೆ, ಕೆಲವು ಕಡೆ ಇನ್ನೂ ಜಮ್ಮಾ, ಅಂದರೆ ವಂಶಪಾರಂಪರ್ಯದ ಕುಟುಂಬ ಹಿಡುವಳಿಯಲ್ಲಿ ಆ ಕುಟುಂಬದ ಹಿರಿಯರ ಹೆಸರೇ ಇರುತ್ತದೆ. ದಾನ ಕೊಟ್ಟವರು ಇದ್ದಷ್ಟು ದಿನ ತಕರಾರಿಲ್ಲ. ಮೊಮ್ಮಕ್ಕಳು ತೋಟ ಮಾರಲು ಹೊರಟಾಗ ಗೋಡೆ ಎಲ್ಲಿ ಬರಬೇಕು ಎಂಬ ಜಗಳ ಶುರು. ಪೈಸಾರಿಯಾದರೆ ತಹಶೀಲ್ದಾರರಿಗೆ ಬರೆದು ಶಾಲೆಗೆ ಕಾಯ್ದಿರಿಸಲು ಕೇಳಿ. ಖಾಸಗಿಯಾದರೆ ಕುಟುಂಬದ ಎಲ್ಲರನ್ನೂ ಕೂರಿಸಿ ದಾನಪತ್ರ ನೋಂದಣಿ ಮಾಡಿಸಿ. ಎರಡರಲ್ಲಿ ಯಾವುದಾದರೂ ಸರಿ, ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವರಿಂದ ಗಡಿ ಗುರುತು ಮಾಡಿಸಿಕೊಳ್ಳಿ. ಆ ನಕ್ಷೆ ಇಲ್ಲದೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡಿಕೊಟ್ಟರೂ ಕೆಲಸ ಶುರುವಾದ ದಿನ ಯಾರಾದರೂ ಬಂದು ನಿಲ್ಲಿಸುತ್ತಾರೆ.

ಗೋಡೆಗೆ ಹತ್ತಿರದ ಬಾಗಿಲು ಗ್ರಾಮ ಪಂಚಾಯಿತಿ. ರಾಜ್ಯದಲ್ಲಿ ಸಾಕಷ್ಟು ಶಾಲಾ ಕಾಂಪೌಂಡು, ಆಟದ ಮೈದಾನ, ಶೌಚಾಲಯ ಆಗಿದ್ದು ನರೇಗಾದಲ್ಲಿ. ಅದರಲ್ಲಿ ಕೂಲಿಗೆ ಶೇ 60, ಸಾಮಗ್ರಿಗೆ ಶೇ 40 ಎಂಬ ಲೆಕ್ಕ ಇತ್ತು. ಗೋಡೆ ಅಂದರೆ ಸಿಮೆಂಟು, ಕಲ್ಲು, ಎಲ್ಲ ಸಾಮಗ್ರಿಯೇ. ಹಾಗಾಗಿ ಪಂಚಾಯಿತಿ ಅದೇ ವರ್ಷ ಕೆರೆ, ಚರಂಡಿಯಂಥ ಮಣ್ಣು ಕೆಲಸ ಜೊತೆಗಿಟ್ಟು ಲೆಕ್ಕ ತೂಗಿಸಬೇಕಿತ್ತು. ನಮ್ಮಲ್ಲಿ ಇನ್ನೊಂದು ತೊಡಕು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಯವರೇ ಸಿಗುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಮಾಡಿದೆ, ಆದ್ದರಿಂದ ಈಗ ಯಾವುದರಡಿ ಸೇರಿಸಬೇಕು ಅಂತ ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅವರನ್ನೇ ಕೇಳಿ. ಶೌಚಾಲಯ, ಕುಡಿಯುವ ನೀರಿನದ್ದಾದರೆ ಹಣಕಾಸು ಆಯೋಗದ ಹಣ ಇದೆ. 15ನೇ ಆಯೋಗದಲ್ಲಿ ಪಂಚಾಯಿತಿಗೆ ಬರುವುದರ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲದಿರುವುದು ನನ್ನ ಮಟ್ಟಿಗೆ ಕಾಂಪೌಂಡಿಗಿಂತ ಮೊದಲಿನ ಭದ್ರತೆಯ ವಿಷಯ.

ಇಲ್ಲಿ ಎಸ್‌ಡಿಎಂಸಿ ನಡಾವಳಿ ಬರೆಯುವ ರೀತಿಯೂ ಮುಖ್ಯ. ‘ಶಾಲೆಯ ಭದ್ರತೆಗೆ ಸೂಕ್ತ ಕ್ರಮ ಕೈಗೊಳ್ಳಲು ಸಭೆ ತೀರ್ಮಾನಿಸಿತು’ ಎಂದು ಬರೆದರೆ ಅದರಿಂದ ಏನೂ ಹುಟ್ಟುವುದಿಲ್ಲ. ‘ಶಾಲೆಯ ಪಶ್ಚಿಮಕ್ಕೆ, ರಸ್ತೆಯ ಉದ್ದಕ್ಕೂ ಇಷ್ಟು ಮೀಟರ್ ಗೋಡೆ ಇಂಥ ದಿನಾಂಕದ ಮಳೆಗೆ ಬಿದ್ದಿದೆ, ಮಕ್ಕಳು ನೇರ ರಸ್ತೆಗೆ ಓಡುತ್ತಾರೆ, ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿ’ ಎಂದು ಬರೆದು, ಫೋಟೊ ಹಚ್ಚಿ, ಪಂಚಾಯಿತಿಯಲ್ಲಿ ಸ್ವೀಕೃತಿ ಹಾಕಿಸಿಕೊಳ್ಳಿ. ಕ್ರಿಯಾ ಯೋಜನೆಯ ಗ್ರಾಮಸಭೆಗಳು ಅಕ್ಟೋಬರ್ ಹೊತ್ತಿಗೆ ಶುರು. ಜೂನ್‌ನಲ್ಲಿ ಗೋಡೆ ಬಿತ್ತು ಅಂತ ಜೂನ್‌ನಲ್ಲೇ ಓಡಿದರೆ ಆ ವರ್ಷದ ಪಟ್ಟಿ ಮುಚ್ಚಿಹೋಗಿರುತ್ತದೆ. ಮಕ್ಕಳ ದಿನಾಚರಣೆ ಆಸುಪಾಸಿನಲ್ಲಿ ಪಂಚಾಯಿತಿ ಮಕ್ಕಳ ಗ್ರಾಮಸಭೆ ಕರೆಯುತ್ತದೆ, ಅದನ್ನು ಬಿಡಬೇಡಿ. ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕ್ ಹಿಡಿದು, ‘ನಮ್ಮ ಟಾಯ್ಲೆಟ್ ಬಾಗಿಲನ್ನ ಹೊರಗಿನಿಂದ ಫ್ರೆಂಡ್ ಹಿಡ್ಕೊಂಡು ನಿಲ್ಬೇಕು ಸಾರ್’ ಅಂದದ್ದನ್ನು ನಾನು ಕಂಡಿದ್ದೇನೆ. ದೊಡ್ಡವರ ಅರ್ಜಿಗೆ ಅಲುಗಾಡದ ಕಡತ ಆ ಒಂದು ಮಾತಿಗೆ ಅಲುಗಾಡಿತು.

ಹೊಸ ಗೋಡೆ ಕಟ್ಟುವಾಗ ಒಂದು ವಿಷಯ ಎಂಜಿನಿಯರ್‌ಗೆ ನೀವೇ ನೆನಪಿಸಿ: ಬುಡದಲ್ಲಿ ನೀರು ಹೊರಹೋಗಲು ಪೈಪು ಬಿಡಿಸಬೇಕು. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಮಣ್ಣು ನೀರು ಕುಡಿದು ಉಬ್ಬಿ ಗೋಡೆಯನ್ನು ಹೊರಗೆ ತಳ್ಳುತ್ತದೆ. ನಿಮ್ಮ ಗೋಡೆಯೂ ಬಹುಶಃ ಹಾಗೇ ಬಿದ್ದಿದ್ದು.

ಬರೆಯ ವಿಷಯ ಬೇರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಆದ ಗುಡ್ಡ ಕುಸಿತ ಕಂಡ ಮೇಲೆ ಯಾವ ಕಚೇರಿಯೂ ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಮಳೆಯಿಂದ ಹಾನಿಯಾದ ಪ್ರಾಥಮಿಕ ಶಾಲೆಯ ದುರಸ್ತಿಗೆ ವಿಪತ್ತು ಪರಿಹಾರ ನಿಧಿಯಲ್ಲಿ ಅವಕಾಶ ಇದೆ, 2022ರಿಂದ 2026ರವರೆಗಿನ ಮಾನದಂಡದಲ್ಲಿ ಶಾಲೆಯೊಂದಕ್ಕೆ 2 ಲಕ್ಷದ ಮಿತಿ ಇತ್ತು. ಆದರೆ ಅದು ಆದ ಹಾನಿಗೆ, ಆಗಬಹುದಾದ ಹಾನಿಗಲ್ಲ. ಬರೆ ಜರಿದು ಗೋಡೆ ಬಿರುಕು ಬಿಟ್ಟ ಕೂಡಲೇ ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ಮಹಜರು ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ಜಿಲ್ಲಾಡಳಿತದ ಹಾನಿ ಪಟ್ಟಿಗೆ ಸೇರಿಸಬೇಕು. ಮಳೆ ನಿಂತ ಮೇಲೆ ಹೋದರೆ ಪಟ್ಟಿ ಹೋಗಿ ಆಗಿರುತ್ತದೆ. ತಡೆಗೋಡೆ 2 ಲಕ್ಷದಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ವಿಪತ್ತು ತಗ್ಗಿಸುವ ಕೆಲಸಗಳಿಗೆಂದೇ ಇರುವ ರಾಜ್ಯದ ನಿಧಿಯಿಂದ, ಇಲ್ಲವೇ ಶಾಸಕರು, ಸಂಸದರ ನಿಧಿಯಿಂದ ಕೇಳಬೇಕು. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಮೈಸೂರು ಮತ್ತು ಕೊಡಗು ಸೇರಿದ ಲೋಕಸಭಾ ಕ್ಷೇತ್ರದಲ್ಲಿ ನಮ್ಮ ಪಾಲು ಎಷ್ಟು ಅನ್ನುವುದು ನಿಮಗೂ ಗೊತ್ತು, ಹಾಗಾಗಿ ವಿರಾಜಪೇಟೆ ಶಾಸಕರ ಕಚೇರಿಯಿಂದ ಶುರು ಮಾಡಿ. ಅಲ್ಲಿಯವರೆಗೆ ಕಾಯಬೇಡಿ: ಬರೆಯ ತಲೆಯ ಮೇಲೆ ಒಂದು ಚರಂಡಿ ತೋಡಿಸಿ ನೀರು ಬೇರೆ ಕಡೆ ತಿರುಗಿಸಿ, ಲಾವಂಚ ನೆಡಿಸಿ. ಬುಡದ ಮಣ್ಣನ್ನು ಮೈದಾನ ಅಗಲ ಮಾಡುವ ನೆಪದಲ್ಲಿ ಜೆಸಿಬಿ ತಂದು ಕೆರೆಸಲು ಯಾರಿಗೂ ಬಿಡಬೇಡಿ. ಬರೆಗೆ ಅಂಟಿಕೊಂಡ ಕೊಠಡಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತರಗತಿ ಬೇಡ, ಎರಡು ತರಗತಿ ಒಟ್ಟಿಗೆ ಕೂತರೂ ಚಿಂತೆಯಿಲ್ಲ.

ಮಾಡಿನ ಮರಗಳಾದ ಪಕ್ಕಾಸು, ರೀಪು ಗೆದ್ದಲು ಹಿಡಿದ ಹಳೇ ಕೊಠಡಿ ಇದ್ದರೆ ಬೀಗ ಹಾಕಿದರೆ ಸಾಲದು, ಮಕ್ಕಳು ಕಣ್ಣಾಮುಚ್ಚಾಲೆ ಆಡುವುದು ಅಲ್ಲೇ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಿಂದ ಶಿಥಿಲ ಎಂದು ಬರೆಸಿಕೊಂಡು ಕೆಡವಲು ಅನುಮತಿ ಕೇಳಿ. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ್ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಮಾಡು ಕುಸಿದು ಏಳು ಮಕ್ಕಳು ತೀರಿಕೊಂಡರು. ಆ ಬಳಿಕ ಎಲ್ಲ ಶಾಲೆಗಳ ಸುರಕ್ಷತಾ ತಪಾಸಣೆ ಮಾಡಿಸಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ನಿಮ್ಮ ಪತ್ರದಲ್ಲಿ ಅದನ್ನು ಉಲ್ಲೇಖಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎಲ್ಲ ಋತುವಿಗೂ ತಡೆಯುವ ಕಟ್ಟಡ ಮತ್ತು ಆವರಣ ಗೋಡೆ ಅಥವಾ ಬೇಲಿ ಇರಲೇಬೇಕು ಎಂದಿದೆ. ಕುಂಭಕೋಣದಲ್ಲಿ 2004ರಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದ ಪ್ರಕರಣದ ನಂತರ ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟ ತೀರ್ಪು ಕಟ್ಟಡದ ಸುರಕ್ಷತೆಯನ್ನು ಮಕ್ಕಳ ಶಿಕ್ಷಣದ ಹಕ್ಕಿನ ಭಾಗ ಎಂದಿದೆ. ಪತ್ರದಲ್ಲಿ ಈ ಮೂರು ಸಾಲು ಇದ್ದರೆ ‘ಅನುದಾನ ಲಭ್ಯವಿಲ್ಲ’ ಎಂದು ಹಿಂಬರಹ ಬರೆಯುವ ಕೈ ಸ್ವಲ್ಪ ತಡೆಯುತ್ತದೆ.

ಆನೆಗೆ ಕಾಂಪೌಂಡು ಲೆಕ್ಕಕ್ಕೇ ಇಲ್ಲ, ಒರಗಿದರೆ ಸಾಕು. ಶಿಕ್ಷಣ ಇಲಾಖೆಯಲ್ಲಿ ಇದಕ್ಕೆ ಹಣವಿಲ್ಲ, ವಲಯ ಅರಣ್ಯಾಧಿಕಾರಿಗೆ ಬರೆಯಬೇಕು. ಸೋಲಾರ್ ಬೇಲಿ, ಕಂದಕ, ರೈಲ್ವೆ ಕಂಬಿಯ ತಡೆ ಎಲ್ಲ ಅರಣ್ಯ ಇಲಾಖೆಯ ಕೆಲಸ, ಜಿಲ್ಲೆಗೆ ಆನೆ ಕಾರ್ಯಪಡೆಯೂ ಇದೆ. ನಿಮ್ಮ ಕೈಯಲ್ಲಿರುವುದು ಎರಡು. ಶಾಲೆಯ ಆವರಣದ ಹಲಸಿನ ಮರದಿಂದ ಕಾಯಿ ಬಲಿಯುವ ಮೊದಲೇ ಇಳಿಸಿ. ಬಿಸಿಯೂಟದ ಅಕ್ಕಿ ದಾಸ್ತಾನು ಹೊರಗೋಡೆಗೆ ಒತ್ತಿ ಇಡಬೇಡಿ. ಅಕ್ಕಿ ವಾಸನೆಗೆ ಗೋಡೆ ಒಡೆಯುವ ಆನೆಗೆ ತರಗತಿ ಯಾವುದು, ಅಡುಗೆಮನೆ ಯಾವುದು ಎಂಬ ಭೇದವಿಲ್ಲ. ಒಣಗಿ ವಾಲಿದ ಮರವಿದ್ದರೆ ಅದೇ ವಲಯ ಕಚೇರಿಗೆ ಬೇರೆ ಅರ್ಜಿ ಕೊಡಿ, ಮೇ ತಿಂಗಳಿಗೆ ಮುಂಚೆ.

ಹಾಡಿಯ, ಅಂದರೆ ಗಿರಿಜನರ ವಸತಿಯ, ಮಕ್ಕಳು ಆನೆ ದಾರಿಯಲ್ಲಿ ನಡೆದು ಬರುತ್ತಾರೆ ಅಂತಲೂ ಬರೆದಿದ್ದೀರಿ. ಹತ್ತಿರದಲ್ಲಿ ಶಾಲೆಯಿಲ್ಲದ ವಸತಿಗಳ ಮಕ್ಕಳಿಗೆ ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಮತ್ತು ಬೆಂಗಾವಲು ಭತ್ಯೆ ಇದೆ, ಮಗುವಿಗೆ ವರ್ಷಕ್ಕೆ 6,000ದವರೆಗೆ. ಹಾಡಿಯ ಏಳೆಂಟು ಮಕ್ಕಳದ್ದು ಸೇರಿದರೆ ಒಂದು ಜೀಪಿನವರ ಜೊತೆ ಮಾತಾಡಲು ಬುನಾದಿಯಾಯಿತು, ಉಳಿದದ್ದಕ್ಕೆ ತೋಟದ ಮಾಲೀಕರನ್ನು ಕೇಳಬಹುದು. ಹಾಡಿಯ ಮಕ್ಕಳಾದ್ದರಿಂದ ಮಡಿಕೇರಿಯ ಗಿರಿಜನ ಅಭಿವೃದ್ಧಿ ಯೋಜನೆಯ (ಐಟಿಡಿಪಿ) ಕಚೇರಿಗೂ ಒಂದು ಪ್ರತಿ ಕೊಡಿ.

ಕೊನೆಗೆ ಸಿಸಿಟಿವಿ. ನಿಮ್ಮ ಗಾತ್ರದ ಶಾಲೆಗೆ ಕ್ಯಾಮೆರಾ ಸಾಮಾನ್ಯವಾಗಿ ಬರುವುದು ಹಳೇ ವಿದ್ಯಾರ್ಥಿಗಳಿಂದ, ದಾನಿಗಳಿಂದ. ಪೋಷಕರು ಹಠ ಹಿಡಿದರೆ ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟಿರುವುದಿಲ್ಲ, ಯುಪಿಎಸ್ ಮತ್ತು ವರ್ಷವರ್ಷದ ರಿಪೇರಿಗೆ ಯಾರು ಹೊಣೆ ಅಂತ ಕೊಡುವವರ ಹತ್ತಿರವೇ ಬರೆಸಿಕೊಳ್ಳಿ. ಅದೇ ದಾನಿ ‘ಬೇರೇನು ಬೇಕು’ ಅಂತ ಕೇಳಿದರೆ ನಾನಾಗಿದ್ದರೆ ಗೇಟು ಮತ್ತು ಶೌಚಾಲಯದ ಬಾಗಿಲು ಕೇಳುತ್ತಿದ್ದೆ.

ಪಹಣಿ ತೆಗೆಸಿ ನೋಡಿ, ಯಾರ ಹೆಸರಲ್ಲಿ ಬರುತ್ತದೆ ಅಂತ ತಿಳಿಸಿ. ಜಮ್ಮಾ ಆಗಿದ್ದರೆ ದಾನಪತ್ರಕ್ಕೆ ಮುಂಚೆ ಮಾಡಬೇಕಾದ ಕೆಲಸ ಇನ್ನೂ ಇದೆ, ಅದನ್ನು ಬೇರೆಯಾಗಿ ಬರೆಯುತ್ತೇನೆ.