ಲಿನ್ಯಾಕ್‌ಗೆ ಹೈವೋಲ್ಟೇಜನ್ನು ಪಲ್ಸ್ ಆಗಿಯೇ ಯಾಕೆ ಕೊಡಬೇಕು?

ಪುಣೆಯಲ್ಲಿ ಎಲೆಕ್ಟ್ರಿಕಲ್ ಓದುತ್ತಿರುವ ನೀವು, ಲಿನ್ಯಾಕ್‌ಗೆ (ಎಲೆಕ್ಟ್ರಾನ್‌ಗಳನ್ನು ನೇರ ದಾರಿಯಲ್ಲಿ ವೇಗಗೊಳಿಸುವ ಯಂತ್ರ) ಹೈವೋಲ್ಟೇಜನ್ನು ಸತತವಾಗಿ ಕೊಡದೆ ಪಲ್ಸ್‌ಗಳಲ್ಲಿ, ಅಂದರೆ ಚಿಕ್ಕ ಚಿಕ್ಕ ಹೊಡೆತಗಳಲ್ಲಿ, ಯಾಕೆ ಕೊಡುತ್ತಾರೆ, ಈ ಕೆಲಸಕ್ಕೆ ಬರಲು ಏನು ಕಲಿಯಬೇಕು ಎಂದು ಕೇಳಿದ್ದೀರಿ. ಮುಂಬೈನಲ್ಲಿ ಹನ್ನೆರಡು ವರ್ಷದಿಂದ ನನ್ನ ಹೊಟ್ಟೆಪಾಡು ಇದೇ.

ಮೊದಲು ಲೆಕ್ಕ. ಇಲ್ಲಿನ ಸಮೀರ್ (SAMEER) ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಯ ಲಿನ್ಯಾಕ್ ರೂಪಿಸಿದೆ. ಅಂಥ ಯಂತ್ರದಲ್ಲಿ ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಕೊಳವೆಗೆ 50 ಕಿಲೋವೋಲ್ಟ್, 100 ಆಂಪಿಯರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 5 ಮೆಗಾವ್ಯಾಟ್. ಸತತ ಕೊಟ್ಟರೆ ಅದು ತಾಳುವುದಿಲ್ಲ. 5 ಮೈಕ್ರೋಸೆಕೆಂಡಿನಂತೆ ಸೆಕೆಂಡಿಗೆ 200 ಸಲ ಕೊಟ್ಟರೆ ಪಲ್ಸಿಗೆ 25 ಜೂಲ್, ಸರಾಸರಿ ಬರೀ 5 ಕಿಲೋವ್ಯಾಟ್. ಹನಿಗೂಡಿ ಹಳ್ಳ ಅಂತೀವಲ್ಲ, ನಾವು ಹಾಗೆ ತುಂಬಿದ ಹಳ್ಳವನ್ನು ಐದೇ ಮೈಕ್ರೋಸೆಕೆಂಡಿನಲ್ಲಿ ಬರಿದು ಮಾಡುತ್ತೇವೆ.

ನಿಜವಾದ ಕಷ್ಟ ಪಲ್ಸಿನ ನೆತ್ತಿಯಲ್ಲಿದೆ, ಅದು ಸಪಾಟಾಗಿರಬೇಕು. ಒಂದೇ ಕೆಪಾಸಿಟರ್ ಹರಿಸಿದರೆ ವೋಲ್ಟೇಜ್ ಇಳಿಜಾರಾಗುತ್ತದೆ. ವೋಲ್ಟೇಜ್ ಕದಲಿದರೆ ಮೈಕ್ರೋವೇವಿನ ಶಕ್ತಿ, ಆವರ್ತನ ಎರಡೂ ಕದಲಿ ಆ ಮೈಕ್ರೋವೇವ್ ತಳ್ಳುವ ಎಲೆಕ್ಟ್ರಾನ್‌ಗಳ ಶಕ್ತಿ ಚದುರುತ್ತದೆ. ಅದಕ್ಕೇ ಕಾಯಿಲ್-ಕೆಪಾಸಿಟರ್‌ಗಳನ್ನು ಏಣಿಯಂತೆ ಜೋಡಿಸಿದ ಪಿಎಫ್‌ಎನ್ (ಪಲ್ಸ್ ಫಾರ್ಮಿಂಗ್ ನೆಟ್‌ವರ್ಕ್, ಪಲ್ಸಿಗೆ ಆಕಾರ ಕೊಡುವ ಜಾಲ). ಥೈರಟ್ರಾನ್ ಎಂಬ ಅನಿಲ ತುಂಬಿದ ಕೊಳವೆಯ ಸ್ವಿಚ್ ಆನ್ ಆದರೆ ಪಲ್ಸ್ ಟ್ರಾನ್ಸ್‌ಫಾರ್ಮರ್ ಮೂಲಕ ಮ್ಯಾಗ್ನೆಟ್ರಾನ್‌ಗೆ ಹೊಡೆತ. ನೆತ್ತಿಯಲ್ಲಿ ಉಬ್ಬು ಕಂಡರೆ, ಒಂದು ಕಾಯಿಲಿನ ಟ್ಯಾಪನ್ನು (ತಂತಿ ಕೂಡುವ ಜಾಗ) ಅರ್ಧ ಸುತ್ತು ಸರಿಸುವುದು, ಮತ್ತೆ ಆಸಿಲೋಸ್ಕೋಪಿನಲ್ಲಿ ಪಲ್ಸ್ ನೋಡುವುದು. ಆ ಉಬ್ಬು ತಗ್ಗಿ ನೆತ್ತಿ ಸಪಾಟಾದಾಗ ಆಗುವ ಸಂತೋಷಕ್ಕೆ ನಾನು ಇನ್ನೂ ಇಲ್ಲೇ ಇದ್ದೇನೆ.

ಮಳೆಗಾಲದಲ್ಲಿ ಮುಂಬೈ ಗಾಳಿಯ ತೇವ ಇನ್ಸುಲೇಟರ್ ಮೇಲೆ ಕೂತು ಚಿಟಿಚಿಟಿ ಕಿಡಿ ಶುರುವಾಗುತ್ತದೆ. ಅಂಥ ಒಂದು ಸಂಜೆ ಸಪ್ಲೈ ಆಫ್ ಮಾಡಿ, ಉಳಿದ ಚಾರ್ಜ್ ನೆಲಕ್ಕೆ ಹರಿಸುವ ಅರ್ಥಿಂಗ್ ರಾಡನ್ನು ಕೆಪಾಸಿಟರ್‌ಗೆ ಮುಟ್ಟಿಸಿ ತೆಗೆದು, ಇನ್ಸುಲೇಟರ್ ಒರೆಸಲು ಹೊರಟೆ. ಹುಬ್ಬಳ್ಳಿ ಕಡೆಯ ಹಿರಿಯ ಟೆಕ್ನಿಷಿಯನ್ ಕೈ ಹಿಡಿದರು: "ತಮ್ಮಾ, ಇನ್ನೊಮ್ಮೆ ರಾಡ್ ಹಚ್ಚಿ ನೋಡು." ಹಚ್ಚಿದೆ, ಚಟ್ ಎಂದಿತು. ಖಾಲಿಯಾದ ಕೆಪಾಸಿಟರ್‌ನಲ್ಲೂ ಡೈಎಲೆಕ್ಟ್ರಿಕ್ (ತಟ್ಟೆಗಳ ನಡುವಿನ ನಿರೋಧಕ ಪದರ) ಒಳಗೆ ಉಳಿದ ಚಾರ್ಜ್ ನಿಧಾನವಾಗಿ ಮತ್ತೆ ವೋಲ್ಟೇಜ್ ಕಟ್ಟುತ್ತದೆ. ಕೆಲಸ ಮುಗಿಯುವವರೆಗೆ ಅರ್ಥ್ ಕ್ಲಿಪ್ ತೆಗೆಯಲೇಬೇಡಿ.

ಕಲಿಯಲು ದೊಡ್ಡ ವೋಲ್ಟೇಜ್ ಬೇಡ. 25 ಮೈಕ್ರೋಹೆನ್ರಿ ಕಾಯಿಲ್, 10 ನ್ಯಾನೋಫ್ಯಾರಡ್ ಕೆಪಾಸಿಟರ್, ಇಂಥ ಐದು ಮೆಟ್ಟಿಲು ಕಟ್ಟಿ, 30 ವೋಲ್ಟಿಗೆ ಚಾರ್ಜ್ ಮಾಡಿ, ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರನ್ನು ಸ್ವಿಚ್ ಮಾಡಿಕೊಂಡು 50 ಓಮ್ ರೆಸಿಸ್ಟರ್‌ಗೆ ಹರಿಸಿ. ಸುಮಾರು 15 ವೋಲ್ಟಿನ, 5 ಮೈಕ್ರೋಸೆಕೆಂಡಿನ ಪಲ್ಸ್ ಕಾಣಬೇಕು. ಆಮೇಲೆ 50ರ ಬದಲು 100 ಓಮ್ ಹಾಕಿ. ಪಲ್ಸಿನ ಹಿಂದೆ ಮೆಟ್ಟಿಲುಮೆಟ್ಟಿಲಾಗಿ ಬಾಲ ಬರುತ್ತದೆ. ಅದು ಯಾಕೆ ಬಂತು ಎಂದು ಲೆಕ್ಕ ಹಾಕಿ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.