ಸುಟ್ಟ ಕೈ ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ

ನಮಸ್ಕಾರ.

ನಿಮ್ಮ ‘ಅರಿವಿಗೆ ಕೈ ಇದೆಯೇ?’ ಲೇಖನವನ್ನು ಎರಡು ಸಲ ಓದಿದೆ. ಜಗತ್ತಿನಲ್ಲಿ ಇರುವುದೆಲ್ಲ ಭೌತವಸ್ತುವೇ ಆದರೆ, ನಮಗೆ ಆಗುವ ನೋವು, ಆಸೆ, ಭಯ ನಿಜವಾಗಿ ಏನನ್ನಾದರೂ ಮಾಡಿಸುತ್ತವೆಯೇ, ಇಲ್ಲ ಮಿದುಳಿನ ಕೆಲಸದ ಜೊತೆಗೆ ಸುಮ್ನೆ ಬಂದುಹೋಗುತ್ತವೆಯೇ? ಇದು ನಿಮ್ಮ ಪ್ರಶ್ನೆ. ಮಾಡಿಸುತ್ತವೆ ಎಂಬುದು ನಿಮ್ಮ ಉತ್ತರ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದರ ಸಲುವಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪು ಹೇಳಿಬಿಡುತ್ತೇನೆ. ಬಿಸಿ ಪಾತ್ರೆ ಮುಟ್ಟಿದಿರಿ, ನೋವಾಯಿತು, ಆ ನೋವೇ ಕೈಯನ್ನು ಹಿಂದಕ್ಕೆ ಎಳೆಯಿತು ಎಂದು ಶುರು ಮಾಡಿದ್ದೀರಿ. ಹಾಗೆ ಆಗುವುದಿಲ್ಲ. ಚರ್ಮದಿಂದ ಹೊರಟ ಸುದ್ದಿ ಬೆನ್ನುಹುರಿ ಮುಟ್ಟಿದ ಕೂಡಲೇ, ಅಲ್ಲಿಂದಲೇ ತೋಳಿನ ಸ್ನಾಯುಗಳಿಗೆ ಅಪ್ಪಣೆ ಹೋಗುತ್ತದೆ. ನೋವು ಗೊತ್ತಾಗುವ ಹೊತ್ತಿಗೆ ಕೈ ಆಗಲೇ ಹೊರಟಿರುತ್ತದೆ. ಉರಿಯಂತೂ ಇನ್ನೂ ನಿಧಾನ. ಅದನ್ನು ಹೊತ್ತು ತರುವ ತೆಳ್ಳಗಿನ ನರಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 1 ಮೀಟರ್ ಸಾಗುತ್ತದೆ, ಅಷ್ಟೇ. ಮೊದಲು ‘ಚುರುಕ್’, ಆಮೇಲೆ ಉರಿ. ನೀವೇ ನೆನಪು ಮಾಡಿಕೊಂಡು ನೋಡಿ. ನೋವು ಬರುವ ಮುಂಚೆಯೇ ಕೆಲಸ ಮುಗಿದಿತ್ತು ಎಂದು ಎದುರಿನವರು ಹೇಳಬೇಕಾದ ಮಾತನ್ನು ನೀವೇ ಅವರ ಕೈಗೆ ಕೊಟ್ಟಿದ್ದೀರಿ.

ಕೈ ಎಳೆದ ಮೇಲಿನ ಹೊತ್ತನ್ನು ಬರೆಯಬೇಕಿತ್ತು. ನಲ್ಲಿ ನೀರಿಗೆ ಬೆರಳು ಹಿಡಿಯುತ್ತೀರಿ. ತೆಗೆದರೆ ಉರಿ, ಮತ್ತೆ ಹಿಡಿಯುತ್ತೀರಿ. ಮರುದಿನ ಅದೇ ಪಾತ್ರೆ ಇಳಿಸುವ ಮುಂಚೆ ಬಟ್ಟೆ ಹುಡುಕುತ್ತೀರಿ. ನೋವಿಗೆ ಕೆಲಸ ಅಂತ ಇದ್ದರೆ ಅದು ಇಲ್ಲಿದೆ.

ಕ್ವಾಂಟಮ್ ಪುಟವನ್ನು ಪೂರ್ತಿ ತೆಗೆಯಿರಿ. ಪರಮಾಣುವಿನ ಮಟ್ಟದಲ್ಲಿ ಯಾವುದೂ ಮೊದಲೇ ನಿಗದಿಯಾಗಿಲ್ಲ, ಸಂಭವ ಎಷ್ಟು ಅಂತ ಮಾತ್ರ ಹೇಳಬಹುದು, ಹಾಗಾಗಿ ಮನಸ್ಸಿಗೆ ಜಾಗ ಸಿಕ್ಕಿತು ಎನ್ನುತ್ತೀರಿ. ದಾಳ ಬಿದ್ದಂತೆ ಕೈ ಎದ್ದರೆ ಅದು ನೀವು ಎತ್ತಿದ ಕೈ ಹೇಗಾಗುತ್ತದೆ?

ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗದ ಮುಂದೆ ನೀವು ಬೇಗ ಸೋಲೊಪ್ಪಿಕೊಂಡಿದ್ದೀರಿ. ಕೈ ಆಡಿಸುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆಯ ಅಲೆ ಏಳುತ್ತದೆ, ‘ಆಡಿಸೋಣ’ ಅನ್ನಿಸುವುದು ಕೊನೆಯ 0.2 ಸೆಕೆಂಡಿನಲ್ಲಿ. ಇಷ್ಟು ಸರಿ. ಆದರೆ ಆ ಅಲೆ ತೀರ್ಮಾನವೇ ಎಂಬುದು ಗಟ್ಟಿಯಿಲ್ಲ. ಮಿದುಳಿನಲ್ಲಿ ಸದಾ ಇರುವ ಏರಿಳಿತಗಳು ಒಂದು ಗಡಿ ಮುಟ್ಟಿದಾಗ ಕೈ ಆಡುತ್ತದೆ, ಹಿಂದಕ್ಕೆ ತಿರುಗಿ ಸರಾಸರಿ ತೆಗೆದರೆ ಅದೇ ಅಲೆಯಂತೆ ಕಾಣುತ್ತದೆ ಎಂದು ಆರನ್ ಶುರ್ಗರ್ ಮತ್ತು ಜೊತೆಗಾರರು 2012ರಲ್ಲಿ ತೋರಿಸಿದರು. ಅಲ್ಲದೆ, ಕಾರಣವಿಲ್ಲದೆ ಬೆರಳು ಆಡಿಸುವುದಕ್ಕೂ ಹಲ್ಲುನೋವಿಗೆ ಡಾಕ್ಟರ ಬಳಿ ಹೋಗುವುದಕ್ಕೂ ತುಂಬ ದೂರ, ಅಲ್ವಾ?

ನಿಮ್ಮ ನಿಜವಾದ ಎದುರಾಳಿ ಬೇರೆ, ಅವರ ಹೆಸರೇ ಲೇಖನದಲ್ಲಿಲ್ಲ. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್, ಆಗ 24 ವರ್ಷದ ಹುಡುಗಿ, ಆತ್ಮ ದೇಹವನ್ನು ಹೇಗೆ ಅಲುಗಾಡಿಸುತ್ತದೆ ಎಂದು, ಆತ್ಮ ಬೇರೆ ದೇಹ ಬೇರೆ ಎನ್ನುತ್ತಿದ್ದ ತತ್ವಜ್ಞಾನಿ ದೆಕಾರ್ತ್‌ಗೆ ಪತ್ರ ಬರೆದು ಕೇಳಿದರು. ನೀವು ಮೂರು ಪ್ಯಾರಾ ಅವರಿಗೇ ಉತ್ತರ ಕೊಡುತ್ತೀರಿ. ಆದರೆ ಬೇರೆ ಆತ್ಮ ಇಲ್ಲ ಎಂದು ನೀವು ಮೊದಲ ಪುಟದಲ್ಲೇ ಒಪ್ಪಿದ್ದೀರಿ! ನಾನು ಹೇಳಿದ ಎದುರಾಳಿ ತತ್ವಜ್ಞಾನಿ ಜೇಗ್ವಾನ್ ಕಿಮ್, ನಿಮ್ಮನ್ನು ಕಾಡಬೇಕಾದ್ದು ಅವರ ಪ್ರಶ್ನೆ. ಕೈ ಏಳಲು ನರಕೋಶಗಳೇ ಸಾಕು ಎಂದಾದ ಮೇಲೆ ಆಸೆಗೆ ಏನು ಕೆಲಸ ಉಳಿಯಿತು? ಒಂದೇ ಸಹಿ ಸಾಕಾದ ಕಾಗದಕ್ಕೆ ಎರಡನೆಯ ಸಹಿ ಯಾಕೆ?

ಆಸೆ ಮತ್ತು ನರಕೋಶಗಳ ಆ ಕೆಲಸ ಎರಡೂ ಒಂದೇ, ಒಬ್ಬನೇ ಮನುಷ್ಯನಿಗೆ ಎರಡು ಹೆಸರಿದ್ದ ಹಾಗೆ, ಸಹಿಯೂ ಒಂದೇ ಎನ್ನಬಹುದು. ನನಗೂ ಇದೇ ಸರಿ ಅನ್ನಿಸುತ್ತದೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ನೋವು ಕೆಲಸ ಮಾಡಿದ್ದು ಅದು ನೋಯುವ ಕಾರಣಕ್ಕೋ, ಬರೀ ನರದ ಮಿಡಿತವಾದ ಕಾರಣಕ್ಕೋ? ಎಷ್ಟೋ ವರ್ಷದಿಂದ ಈ ಮುಳ್ಳು ನನ್ನಲ್ಲೂ ಇದೆ. ನೀವು ಅದನ್ನು ಮುಟ್ಟದೆ ಮುಂದೆ ಹೋಗಬಾರದು.

ಈಗ ಐದನೇ ಪುಟ. ಚಿಕ್ಕವರಿದ್ದಾಗ ಒಂದು ರಾತ್ರಿ ಹಲ್ಲುನೋವು ಬಂತು. ತುಂಬ ಹೊತ್ತು ತಡೆದುಕೊಂಡು ಮಲಗಿದ್ದಿರಿ. ಕೊನೆಗೆ ಅಮ್ಮನನ್ನು ಎಬ್ಬಿಸಿ ‘ನೋಯ್ತಿದೆ’ ಅಂದಿರಿ. ಎಲ್ಲಿ ಎಂದು ಕೇಳಿದಾಗ ಕತ್ತಲಲ್ಲೇ ಅವರ ಬೆರಳನ್ನು ಹಿಡಿದು ವಸಡಿನ ಮೇಲೆ ಇಟ್ಟಿರಿ. ಇಷ್ಟು ಬರೆದು ಮತ್ತೆ ದೆಕಾರ್ತ್‌ಗೆ ಓಡಿದ್ದೀರಿ. ನಿಮ್ಮ ಲೇಖನ ಇಲ್ಲೇ ಇದೆ!

ಯಾಕೆ ಹೇಳುತ್ತೇನೆ. 1874ರಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಅರಿವನ್ನು ರೈಲು ಎಂಜಿನ್ನಿನ ಶಿಳ್ಳೆಗೆ ಹೋಲಿಸಿದರು. ಎಂಜಿನ್ ಓಡುವಾಗ ಶಿಳ್ಳೆ ಕೂಗುತ್ತದೆ, ಆದರೆ ಚಕ್ರ ತಿರುಗಿಸುವುದಿಲ್ಲ. ಅದು ನಿಜವಾದರೆ ‘ನೋಯ್ತಿದೆ’ ಎಂಬ ಮಾತು ಕೂಡ ಚಕ್ರದ ಕೆಲಸವೇ. ಆ ಮಾತು ಹೊರಬರಲು ನೋವು ಬೇಕಾಗಿಯೇ ಇರಲಿಲ್ಲ. ನೋವೇ ಇಲ್ಲದಿದ್ದರೂ ನೀವು ಅಮ್ಮನನ್ನು ಎಬ್ಬಿಸುತ್ತಿದ್ದಿರಿ, ಬೆರಳನ್ನು ಅದೇ ಜಾಗದಲ್ಲಿ ಇಡುತ್ತಿದ್ದಿರಿ, ಇಷ್ಟು ವರ್ಷದ ಮೇಲೆ ಅದರ ಬಗ್ಗೆ ಲೇಖನವನ್ನೂ ಬರೆಯುತ್ತಿದ್ದಿರಿ. ಹೌದು, ಹಾಗೇ ಎಂದು ಒಪ್ಪುವವರು ಇದ್ದಾರೆ. ಆದ್ದರಿಂದ ಇದನ್ನು ಸಾಬೀತು ಎಂದು ಕರೆಯಬೇಡಿ. ಆದರೆ ಅಷ್ಟನ್ನು ಒಪ್ಪುವುದು ಎಷ್ಟು ಕಷ್ಟ ಎಂದು ಓದುಗರಿಗೆ ಆ ಕತ್ತಲ ಕೋಣೆಯಲ್ಲಿ ಗೊತ್ತಾಗುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಪ್ರಜ್ಞೆ, ಚೈತನ್ಯ, ಮನಸ್ಸು, ಆತ್ಮ ಎಲ್ಲವನ್ನೂ ಒಂದೇ ಅರ್ಥಕ್ಕೆ ಬಳಸಿದ್ದೀರಿ. ‘ಪ್ರಜ್ಞೆ ತಪ್ಪಿತು’ ಅನ್ನುವಾಗಿನ ಪ್ರಜ್ಞೆ ನಿಮ್ಮ ವಿಷಯವಲ್ಲ, ನೋವು ಹೇಗಿರುತ್ತದೆ ಎಂಬ ಅನುಭವ ನಿಮ್ಮ ವಿಷಯ. ‘ಕಾರಣಾತ್ಮಕ ಪರಿಣಾಮಕಾರಿತ್ವ’ ಬೇಡವೇ ಬೇಡ. ಕನ್ನಡದಲ್ಲಿ ‘ನನಗೆ ನೋವಾಯಿತು, ನಾನು ಅಮ್ಮನನ್ನು ಎಬ್ಬಿಸಿದೆ’ ಅನ್ನುತ್ತೇವೆ. ಮೊದಲರ್ಧದಲ್ಲಿ ‘ನನಗೆ’, ಎರಡನೆಯದರಲ್ಲಿ ‘ನಾನು’. ಮೊದಲನೆಯದು ಬಂದದ್ದು, ಎರಡನೆಯದು ಮಾಡಿದ್ದು. ಆ ‘ನನಗೆ’ಯಿಂದ ‘ನಾನು’ವಿಗೆ ದಾಟಿದ್ದು ಹೇಗೆ ಎಂದು ಕೇಳಿದರೆ ಸಾಕು, ಇಡೀ ಪ್ರಶ್ನೆ ಅಲ್ಲಿದೆ.

1,500 ಪದ ಮೀರದಂತೆ ಮತ್ತೆ ಬರೆಯಿರಿ. ಅಮ್ಮನನ್ನು ಎಬ್ಬಿಸುವ ಮುಂಚೆ ಎಷ್ಟು ಹೊತ್ತು ತಡೆದುಕೊಂಡಿದ್ದಿರಿ, ಆ ಹೊತ್ತಿನಲ್ಲಿ ಏನೇನು ಅಂದುಕೊಂಡಿರಿ ಎನ್ನುವುದನ್ನೂ ಸೇರಿಸಿ. ಬಂದ ದಿನವೇ ಓದುತ್ತೇನೆ.