ಹುಳುಕು ಹಲ್ಲಿಗೆ ಚಾಕೊಲೇಟ್ ಒಂದೇ ಕಾರಣವೇ?

ಶ್ರೀನಿವಾಸಪುರ ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ: "ನನ್ನ ಮಗನಿಗೆ ಏಳು ವರ್ಷ. ಹಾಲು ಹಲ್ಲು ಹುಳುಕಾಗಿದ್ದವು. ಈಗ ಹೊಸ ದವಡೆ ಹಲ್ಲಿಗೂ ತೂತು ಬಿದ್ದಿದೆ. ಚಾಕೊಲೇಟ್ ಜಾಸ್ತಿ ಕೊಡ್ತೀರಾ ಅಂತ ಹಲ್ಲಿನ ಡಾಕ್ಟರು ಬೈದರು. ನಮ್ಮಲ್ಲಿ ಚಾಕೊಲೇಟೇ ಅಪರೂಪ. ಹುಟ್ಟಿದಾಗ ಅವನ ತೂಕ ಎರಡು ಕೆ.ಜಿ. ಚಿಲ್ಲರೆ. ಮೂರು ವರ್ಷದವರೆಗೂ ಅಂಗನವಾಡಿಯಲ್ಲಿ ತೂಕ ಕಡಿಮೆ ಅಂತಲೇ ಬರೆಯುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಈಗ ಮಗಳಿಗೆ ಎಂಟು ತಿಂಗಳು. ಅವಳಿಗೂ ಹೀಗೇ ಆಗುತ್ತಾ?"

ಪ್ರಿಯ ಸಹೋದರಿ,

ಸಂಬಂಧ ಇದೆ. ನಿಮ್ಮ ಮಗನ ಹಲ್ಲು ನೋಡದೆ ಇದೇ ಕಾರಣ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಅನುಮಾನದಲ್ಲಿ ತಿರುಳಿದೆ. ಆ ಬೈಗುಳವನ್ನು ಮನಸ್ಸಿನಿಂದ ತೆಗೆದುಹಾಕಿ.

ಹಲ್ಲು ಕಾಣಿಸುವ ಎಷ್ಟೋ ಮೊದಲೇ ಅದರ ಕೆಲಸ ಶುರುವಾಗಿರುತ್ತದೆ. ಹಾಲು ಹಲ್ಲಿಗೆ ಸುಣ್ಣದ ಅಂಶ ಕೂಡುವುದು ತಾಯಿಯ ಹೊಟ್ಟೆಯಲ್ಲಿ, ನಾಲ್ಕನೇ ತಿಂಗಳ ಹೊತ್ತಿಗೆ. ಆರನೇ ವರ್ಷಕ್ಕೆ ಬರುವ ದವಡೆ ಹಲ್ಲಿದೆಯಲ್ಲ, ಅದು ಗಟ್ಟಿಯಾಗಲು ಶುರುವಾಗುವುದು ಮಗು ಹುಟ್ಟುವ ಸಮಯದಲ್ಲೇ. ಆಗ ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಎ, ವಿಟಮಿನ್ ಡಿ ಸಾಲದೆ ಹೋದರೆ ಹಲ್ಲಿನ ಮೇಲಿನ ಬಿಳಿ ಪದರ, ಅಂದರೆ ಎನಾಮೆಲ್, ತೆಳುವಾಗುತ್ತದೆ. ಗೆರೆ ಬೀಳುತ್ತದೆ, ಸಣ್ಣ ಗುಳಿ ಉಳಿಯುತ್ತದೆ. ವಿಟಮಿನ್ ಡಿ ಇಲ್ಲದ ಆಹಾರ ಕೊಟ್ಟ ನಾಯಿಮರಿಗಳ ಹಲ್ಲು ಸರಿಯಾಗಿ ಕಟ್ಟುವುದಿಲ್ಲ ಎಂದು ಇಂಗ್ಲೆಂಡಿನ ಸಂಶೋಧಕಿ ಮೇ ಮೆಲನ್‌ಬಿ 1918ರಷ್ಟು ಹಿಂದೆಯೇ ತೋರಿಸಿದ್ದರು.

ಮೂಳೆ ಮುರಿದರೆ ಕೂಡುತ್ತದೆ, ಎನಾಮೆಲ್ ಕೂಡುವುದಿಲ್ಲ. ಗೋಡೆಗೆ ಗಾರೆ ಬಳಿದು ಹೊರಟುಹೋದ ಕೆಲಸದವರ ಹಾಗೆ, ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಮಗು ಆಮೇಲೆ ಮೈ ತುಂಬಿಕೊಂಡರೂ ಆಗ ಉಳಿದ ಕೊರತೆ ಹಲ್ಲಿನಲ್ಲಿ ಹಾಗೇ ಇರುತ್ತದೆ. ಜೊತೆಗೆ, ಬಹಳ ಕಾಲ ಊಟ ಸಾಲದ ಮಕ್ಕಳಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಸಿಹಿ ತಿಂದಾಗ ಬಾಯಿಯಲ್ಲಿ ಹುಟ್ಟುವ ಹುಳಿಯನ್ನು ತೊಳೆದು ಹಲ್ಲನ್ನು ಕಾಯುವುದು ಅದೇ ಜೊಲ್ಲು.

ಹಾಗಂತ ಸಿಹಿಯನ್ನು ಬಿಟ್ಟುಬಿಡುವಂತಿಲ್ಲ. ಹಲ್ಲು ದುರ್ಬಲವಾಗಿದ್ದರೂ ಸಕ್ಕರೆ ಇಲ್ಲದಿದ್ದರೆ ಅಷ್ಟು ಸುಲಭಕ್ಕೆ ತೂತು ಬೀಳದು. ಊಟ ಸಾಲದ ಎಷ್ಟೋ ಊರುಗಳಲ್ಲಿ, ಸಕ್ಕರೆ ಕಮ್ಮಿ ಇದ್ದ ಕಾಲದಲ್ಲಿ, ಹುಳುಕು ಹಲ್ಲೂ ಕಮ್ಮಿಯೇ ಇತ್ತು. ಎರಡೂ ಸೇರಿದಾಗ ಏಟು ಜೋರು. ನೀವು ಚಾಕೊಲೇಟ್ ಕೊಡುವುದಿಲ್ಲ, ಸರಿ. ಟೀಯಲ್ಲಿ ಅದ್ದಿದ ಬಿಸ್ಕತ್ತು? ಅಂಗಡಿಯ ಐದು ರೂಪಾಯಿ ಪೊಟ್ಟಣ? ಮಲಗುವಾಗ ಸಕ್ಕರೆ ಹಾಕಿದ ಹಾಲಿನ ಬಾಟ್ಲಿ? ತಪ್ಪು ಹುಡುಕಲು ಕೇಳುತ್ತಿಲ್ಲ. ಹಲ್ಲಿಗೆ ಇವೂ ಸಿಹಿಯೇ.

ಇನ್ನೊಂದು ಮಾತು ನನಗೆ ಹೇಳಲೇಬೇಕು ಅನಿಸುತ್ತದೆ. ನಮ್ಮ ಕೋಲಾರ ಹಾಲಿನ ಜಿಲ್ಲೆ. ಬೆಳಗಾದರೆ ಕ್ಯಾನು ಡೇರಿಗೆ ಹೋಗುತ್ತದೆ. ಆ ಹಣದಲ್ಲೇ ಮನೆ ನಡೆಯಬೇಕು, ಗೊತ್ತು. ಆದರೆ ಕೊಟ್ಟಿಗೆಯಲ್ಲಿ ಹಸು ಇದ್ದೂ ಬಸುರಿಗೆ, ಬಾಣಂತಿಗೆ ಒಂದು ಲೋಟ ಹಾಲು ಉಳಿಯದ ಮನೆಗಳಿವೆ. ಅದು ನನಗೆ ತುಂಬ ಸಂಕಟ ಕೊಡುವ ವಿಷಯ. ನಿಮ್ಮ ಮನೆಯಲ್ಲಿ ಹಸು ಇದ್ದರೆ ಮೊದಲು ಒಂದು ಲೋಟ ಎತ್ತಿಡಿ. ಅದು ನಿಮಗೆ. ಮಗನಿಗೂ ಒಂದು. ಉಳಿದದ್ದು ಡೇರಿಗೆ. ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಈಗ ಮಗಳ ವಿಷಯ. ಅವಳ ಶಾಶ್ವತ ಹಲ್ಲುಗಳು ಒಸಡಿನೊಳಗೆ ಕಟ್ಟುತ್ತಿರುವುದು ಈಗಲೇ. ಎದೆಹಾಲು ನಿಲ್ಲಿಸಬೇಡಿ. ಎರಡು ವರ್ಷ ತುಂಬುವವರೆಗೂ, ಅದರಾಚೆಗೂ ಕೊಡಬಹುದು. ರಾಗಿ ಸರಿ ತಿನ್ನಿಸಿ, ಅದಕ್ಕೊಂದು ಚಮಚ ತುಪ್ಪ ಹಾಕಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬೇಳೆ ಕಟ್ಟು ಮಾತ್ರ ಅಲ್ಲ, ಮಸೆದ ಬೇಳೆಯೂ ಬೇಕು. ಬೇಯಿಸಿದ ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಬೇಡ. ಒಂಬತ್ತು ತಿಂಗಳಿಗೆ ವಿಟಮಿನ್ ಎ ಹನಿ ಹಾಕುತ್ತಾರೆ, ತಪ್ಪಿಸಬೇಡಿ. ಮೊದಲ ಹಲ್ಲು ಬಂದ ದಿನದಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಅದೆಲ್ಲ ಹುಳುಕಲ್ಲ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರ ಕಲೆ ಇರಬಹುದು. ಕ್ಯಾಲ್ಸಿಯಂ ಸಾಲದ ಮಗುವಿಗೆ ಅದರ ಹಾವಳಿ ಇನ್ನೂ ಹೆಚ್ಚು. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ.

ಮಗನ ಹಲ್ಲನ್ನು ತಡ ಮಾಡದೆ ತೋರಿಸಿ. ಆರನೇ ವರ್ಷದ ದವಡೆ ಹಲ್ಲು ಯಾವ ಹಲ್ಲೂ ಬೀಳದೆ, ಎಲ್ಲದರ ಹಿಂದೆ ಸುಮ್ನೆ ಹುಟ್ಟಿಕೊಳ್ಳುತ್ತದೆ. ಅದಕ್ಕೇ ಎಷ್ಟೋ ಅಪ್ಪ ಅಮ್ಮ ಅದನ್ನು ಹಾಲು ಹಲ್ಲು ಅಂದುಕೊಂಡು, ಬಿದ್ದು ಹೊಸದು ಬರುತ್ತೆ ಬಿಡು ಅನ್ನುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ತೂತು ಸಣ್ಣದಿದ್ದಾಗಲೇ ತುಂಬಿಸಿದರೆ ಹಲ್ಲು ಉಳಿಯುತ್ತದೆ. ತೂತು ಬೀಳದ ಉಳಿದ ದವಡೆ ಹಲ್ಲುಗಳ ಮೇಲಿನ ಗೀರುಗಳಿಗೆ ಸೀಲೆಂಟ್, ಅಂದರೆ ಗೀರು ಮುಚ್ಚುವ ತೆಳು ಲೇಪ, ಹಚ್ಚಬಹುದೇ ಎಂದು ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ, ಅಂಗನವಾಡಿಗೆ ಬಂದಾಗ ಹಲ್ಲನ್ನೂ ನೋಡಬೇಕು. ನೋಡದೆ ಹೊರಟರೆ ಟೀಚರ್ ಮೂಲಕ ಕೇಳಿಸಿ. ಡಾಕ್ಟರ ಹತ್ತಿರ ಹೋಗುವಾಗ ತಾಯಿ ಕಾರ್ಡನ್ನೂ ಒಯ್ಯಿರಿ. ಹುಟ್ಟಿದಾಗಿನ ತೂಕ ಅದರಲ್ಲಿದೆ. ಅವರು ಕೇಳದಿದ್ದರೂ ನೀವೇ ತೋರಿಸಿ.

- ಸಂಪಾದಕ